ಕಾಗದವಿಲ್ಲದ ಮೂವತ್ತೈದು ದಿನ

ಮೇ ೫, ೩೩೦ನೇ ದಿನ

ಇವರ ಕಾಲು ಮುರಿಯಿತು. ಎಡಗಾಲು, ಪಾದದ ಗಂಟಿನ ಹತ್ತಿರ. ಐದು ವಾರ ಪ್ಲಾಸ್ಟರ್. ಜೂನ್ ಒಂಬತ್ತಕ್ಕೆ ಬಿಚ್ಚುತ್ತಾರಂತೆ.

ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು "ಮೋರಿಯೊಳಗೆ ಏನ್ಮಾಡ್ತಿದ್ರಿ?" ಎಂದು ಕೇಳಿದರು. ಹೇಳಿದೆ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿಗೆ ಹಾಕುತ್ತಾರೆ. ನಾವು ಕೈಯಲ್ಲಿ ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗುತ್ತೇವೆ. ಸಿಕ್ಕಿದರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಸಹಿ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತೇವೆ. ಇದಕ್ಕೆ ಜಿಯೋಕ್ಯಾಶಿಂಗ್ ಅಂತಾರೆ ಎಂದೆ.

"ಡಬ್ಬಿಯಲ್ಲಿ ಬೇರೆ ಏನಿರುತ್ತೆ?"

"ಏನೂ ಇರಲ್ಲ."

ಆಮೇಲೆ ಡಾಕ್ಟರು ಇವರ ಕಾಲಿಗಿಂತ ನನ್ನ ಮುಖವನ್ನೇ ಹೆಚ್ಚು ಹೊತ್ತು ಪರೀಕ್ಷಿಸಿದರು.

ನಡೆದದ್ದು ಇಷ್ಟು. ಎಂದಿನಂತೆ ಇವರು ಮುಂದೆ, ಕೈಯಲ್ಲಿ ಜಿಪಿಎಸ್. ನಾನು ಹಿಂದೆ, ಕೈಯಲ್ಲಿ ಫೈಲು. ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳಿಗೆ ಕಾಗದಕ್ಕೇನು ಬರ? ಒಂದೊಂದು ಡಬ್ಬಿಯ ವಿವರ, ಸುಳಿವು, ಹಿಂದೆ ಹೋಗಿ ಬಂದವರ ಅನುಭವ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡ್ ಹಾಕಿ, ಇವರ ಬೆನ್ನ ಹಿಂದೆ ಗಟ್ಟಿಯಾಗಿ ಓದುತ್ತಾ ಹೋಗುವುದು ಹನ್ನೊಂದು ತಿಂಗಳಿಂದ ನನ್ನ ಕೆಲಸ. ಇವತ್ತೂ ಓದಿದೆ. "ಎರಡು ಹೆಜ್ಜೆ ಹಿಂದಕ್ಕೆ ಇಡಿ, ಬೆನ್ನಿಗೆ ಗೋಡೆ ತಾಗಬೇಕು." ಇವರು ಇಟ್ಟರು. ಗೋಡೆ ಇರಲಿಲ್ಲ, ಮೋರಿ ಇತ್ತು.

ಬಿದ್ದಲ್ಲಿಂದಲೇ "ಸಿಕ್ತು ಕಣೇ" ಅಂದರು. ಡಬ್ಬಿ ಮೋರಿಯ ಕಲ್ಲಿನ ಸಂದಿಯಲ್ಲಿತ್ತು. ಆಟೋ ಬರುವಷ್ಟರಲ್ಲಿ ಇಬ್ಬರೂ ಸಹಿ ಹಾಕಿದೆವು. ಇವರ ಸಹಿ ಸ್ವಲ್ಪ ನಡುಗಿದೆ.

ಸಂಜೆ ಫೈಲು ತೆಗೆದು ನೋಡಿದೆ. ನಲವತ್ತೊಂದನೇ ಹಾಳೆಯೂ ನಲವತ್ತೆರಡನೇ ಹಾಳೆಯೂ ಅಂಟಿಕೊಂಡಿವೆ. ನಾನು ಓದಿದ್ದು ಇವತ್ತಿನ ಡಬ್ಬಿಯ ಸುಳಿವಲ್ಲ, ಮುಂದಿನದ್ದರದ್ದು. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಹಾಳೆಗಳನ್ನು ಬೀಸಿ ಬಿಡಿಸಿ, ಆಮೇಲೆ ಬೈಂಡಿಗೆ ಹಾಕಬೇಕು. ಅಂಗಡಿಗೆ ಕೆಲಸಕ್ಕೆ ಬಂದವರಿಗೆಲ್ಲ ನಾನು ಮೊದಲು ಕಲಿಸುವ ಪಾಠ ಅದು.

ಇವರಿಗೆ ಹೇಳಿಲ್ಲ. ತಾವೇ ಕಾಲು ಜಾರಿದೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಮೇ ೬, ೩೩೧ನೇ ದಿನ

ದಿನಕ್ಕೊಂದರಂತೆ ಒಂದು ವರ್ಷ, ಒಂದು ದಿನವೂ ತಪ್ಪಬಾರದು. ಇವತ್ತಿನದೂ ಸೇರಿ ಮೂವತ್ತೈದು ಬಾಕಿ.

ಶುರುವಾದದ್ದು ಕಳೆದ ಜೂನ್ ಹತ್ತಕ್ಕೆ. ಇವರು ಲಿಫ್ಟ್ ಮೆಕ್ಯಾನಿಕ್ ಕೆಲಸದಿಂದ ನಿವೃತ್ತರಾಗಿ ಮೂರು ತಿಂಗಳು ಸೋಫಾದಲ್ಲಿ ಕೂತು ಟೀವಿಗೂ ನನಗೂ ಒಟ್ಟಿಗೇ ಬೈಯುತ್ತಿದ್ದರು. ಬೀಳ್ಕೊಡುಗೆಯಲ್ಲಿ ಜೊತೆಗಾರರು ಕೊಟ್ಟಿದ್ದ ಜಿಪಿಎಸ್ಸನ್ನು ಕೈಗಿಟ್ಟು ಹೊರಗೆ ಅಟ್ಟಿದವಳು ನಾನೇ. ಅದನ್ನು ಹಿಡಿದುಕೊಂಡೂ ದಾರಿ ತಪ್ಪಿ ಎಲ್ಲೆಲ್ಲಿಂದಲೋ ಫೋನ್ ಮಾಡತೊಡಗಿದ ಮೇಲೆ ಫೈಲು ಹಿಡಿದು ನಾನೂ ಹೊರಟೆ.

ಈ ವರ್ಷ ನನಗೆ ಬೇಕೇ ಬೇಕು. ಹಿಡಿದ ಕೆಲಸ ಮುಗಿಸಿದವಳೆಂಬ ಹೆಸರು ನನಗಿಲ್ಲ. ಟೈಪಿಂಗ್ ಕಲಿತೆ, ಪರೀಕ್ಷೆಗೆ ಕೂರಲಿಲ್ಲ. ಸಂಗೀತ ಎರಡು ವರ್ಷಕ್ಕೆ ನಿಂತಿತು. ಇವರಿಗೆಂದು ಹೆಣೆದ ಸ್ವೆಟರಿಗೆ ಇವತ್ತಿಗೂ ಒಂದೇ ತೋಳು. ಅಣ್ಣನ ಆರೈಕೆಗೆಂದು ಬೆಳಿಗ್ಗೆ ಬಂದಿಳಿದ ನಾದಿನಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಅತ್ತಿಗೆ, ಇದೂ ಅರ್ಧಕ್ಕೇ ನಿಂತ್ಹೋಯ್ತಾ?" ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು, ಎಲ್ಲದರಲ್ಲೂ ಶೇಷ ಎಷ್ಟೆಂದು ನೋಡುವುದು ಅಭ್ಯಾಸ.

"ನಿಲ್ಲಲ್ಲ," ಅಂದೆ.

"ನಿಲ್ಲೋದು ಯಾಕೆ?" ಇವರು ಮಂಚದಿಂದಲೇ ಹೇಳಿದರು. "ಇಂಟರ್‌ನೆಟ್ಟಲ್ಲಿ ಇಬ್ಬರದ್ದೂ ಒಂದೇ ಖಾತೆ. ಯಾರು ಹೋದ್ರೂ ಲೆಕ್ಕಕ್ಕೆ ಬರುತ್ತೆ. ನೀನು ಡಬ್ಬಿ ನೋಡ್ಕೋ, ನಾನು ಅಂಗಡೀಲಿ ಕೂರ್ತೀನಿ. ಇವತ್ತಿನ ಹಾಳೆ ಪ್ರಿಂಟ್ ತೆಗೀಲಾ?"

"ಬೇಡ. ಇನ್ಮೇಲೆ ಫೈಲು ಬೇಡ."

ಇವರು ನನ್ನನ್ನೇ ನೋಡಿದರು. "ಯಾಕೆ?"

"ಭಾರ."

ಸುಳ್ಳು ಅಲ್ಲ ಅದು. ಮುಕ್ಕಾಲು ಕೇಜಿ ಇದೆ.

ಹಾಗಾಗಿ ಇವರು ಪ್ಲಾಸ್ಟರ್ ಕಾಲನ್ನು ಕಾಗದದ ಪೆಟ್ಟಿಗೆಯ ಮೇಲಿಟ್ಟುಕೊಂಡು, ಅಂಗಡಿಯ ಕಂಪ್ಯೂಟರಿನಿಂದ ದೂರದ್ದೂ ಹತ್ತಿರದ್ದೂ ಸೇರಿ ಮುನ್ನೂರು ಡಬ್ಬಿಗಳ ವಿವರ, ಸುಳಿವು, ಎಲ್ಲವನ್ನೂ ವೈರಿನ ಮೂಲಕ ಜಿಪಿಎಸ್ಸಿಗೆ ತುಂಬಿಸಿದರು. ಒಂದು ಅಂಗೈಯಲ್ಲಿ ಹಿಡಿಯುವ ವಸ್ತು. ಇಷ್ಟು ದಿನ ಅದು ಇವರ ಕೈಯಲ್ಲಿತ್ತು, ನಾನು ಮುಟ್ಟಿದವಳಲ್ಲ. ಅಂಚೆ ಕಚೇರಿಯ ಹಿಂದಿನ ಸುಲಭದ ಡಬ್ಬಿಗೆ ಹೊರಟೆ. ಇವರಾದರೆ ಹತ್ತು ನಿಮಿಷದ ಕೆಲಸ. ನನಗೆ ಒಂದೂಕಾಲು ಗಂಟೆ ಹಿಡಿಯಿತು. ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ನೆರಳಿಗೆ ಹೋದರೆ ಬಾಣ ಬೇರೆ ಕಡೆ ತೋರಿಸುತ್ತದೆ. ಅಂಚೆ ಕಚೇರಿಯನ್ನು ನಾಲ್ಕು ಸುತ್ತು ಹಾಕಿದೆ. ಕೊನೆಗೆ ಸಿಕ್ಕಿತು.

ಪುಸ್ತಕದಲ್ಲಿ ನನ್ನ ಸಹಿ ಹಾಕಿ ಪಕ್ಕದಲ್ಲಿ ಇವರದ್ದಕ್ಕೆ ಜಾಗ ಬಿಟ್ಟೆ. ಇನ್ನೊಬ್ಬರ ಸಹಿ ಹಾಕುವುದು ನನ್ನ ಕಸುಬಿನಲ್ಲಿ ಇಲ್ಲ.

ಮೇ ೭, ೩೩೨ನೇ ದಿನ

ಬಾಣದ ಮರ್ಮ ತಿಳಿಯಿತು. ನಿಂತರೆ ಗಿರಗಿರ ತಿರುಗುತ್ತದೆ, ನಡೆದರೆ ಮಾತ್ರ ನೆಟ್ಟಗಿರುತ್ತದೆ. ಇದನ್ನು ಒಂದು ವರ್ಷದಲ್ಲಿ ಒಂದು ದಿನವಾದರೂ ಇವರು ನನಗೆ ಹೇಳಬಹುದಿತ್ತು. ಕೇಳಿದರೆ, "ನೀನು ಫೈಲಿನಿಂದ ಕಣ್ಣು ಎತ್ತಿದ್ದರೆ ತಾನೇ?" ಅನ್ನುತ್ತಾರೆ.

ಮೇ ೯, ೩೩೪ನೇ ದಿನ

ಫೈಲಿನ ಅಂಚಿನಲ್ಲಿ ಪೆನ್ನಿನಿಂದ ಏನಾದರೂ ಗೀಚುವುದು ನನ್ನ ಚಟ. "ಇಲ್ಲಿ ನಾಯಿ ಇದೆ", "ಇವರು ಮತ್ತೆ ಎಡಕ್ಕೆ ಹೋದರು", ಹೀಗೆ. ಫೈಲು ಬಿಟ್ಟಮೇಲೆ ಕೈ ಚಡಪಡಿಸುತ್ತಿತ್ತು. ಇವತ್ತು ನೋಡಿದರೆ, "ಸಿಕ್ಕಿತು" ಎಂದು ಒತ್ತಿದ ಮೇಲೆ ಈ ಜಿಪಿಎಸ್ ಯಂತ್ರವೇ "ಟಿಪ್ಪಣಿ?" ಎಂದು ಕೇಳುತ್ತದೆ. ಒಂದೊಂದೇ ಅಕ್ಷರ ಒತ್ತಿ ಬರೆದೆ: "ಸಿಕ್ಕಿತು. ಇವರಿದ್ದಿದ್ದರೆ ಮೊದಲು ಆ ಕಡೆ ಗೋಡೆ ಹತ್ತುತ್ತಿದ್ದರು. ಹತ್ತಬೇಕಾಗಿಯೇ ಇರಲಿಲ್ಲ."

ಬರೆದು ಮುಗಿಸಿದಾಗ ಮನಸ್ಸಿಗೆ ಹಿತವಾಯಿತು. ಯಂತ್ರ ತಿರುಗಿ ಮಾತಾಡುವುದಿಲ್ಲ.

ಸಂಜೆ ಇವರು ಅದನ್ನು ಕಂಪ್ಯೂಟರಿಗೆ ಚುಚ್ಚಿ, "ಸಿಕ್ಕಿತು" ಎಂಬುದನ್ನು ಇಂಟರ್‌ನೆಟ್ಟಿನ ಸೈಟಿಗೆ ಕಳಿಸುತ್ತಾರೆ. ನಾನು ಗೋಡೆಯ ಚಾರ್ಟಿನಲ್ಲಿ ಒಂದು ಗೀಟು ಹಾಕುತ್ತೇನೆ. ನಾದಿನಿ ಬಂದು ಗೀಟುಗಳನ್ನು ಎಣಿಸಿ ಸರಿಯಿದೆ ಎಂದು ಹೇಳಿ ಹೋಗುತ್ತಾಳೆ.

ಮೇ ೧೨, ೩೩೭ನೇ ದಿನ

ಇವತ್ತು ಇನ್ನೇನು ತಪ್ಪಿಯೇ ಹೋಗುತ್ತಿತ್ತು.

ಹಳೆಯ ಬಸ್ ನಿಲ್ದಾಣದ ಕಂಬ. ಸುಳಿವಿನಲ್ಲಿ "ಮೊಣಕಾಲಿನ ಎತ್ತರ, ಅಯಸ್ಕಾಂತ" ಎಂದಿದೆ. ಹನ್ನೊಂದು ಕಂಬಗಳಿಗೂ ಬಗ್ಗಿ ಬಗ್ಗಿ ಕೈಯಾಡಿಸಿದೆ. ಬಸ್ಸಿಗೆ ಕಾದಿದ್ದ ಒಬ್ಬಾಕೆ "ಏನಮ್ಮಾ ಕಳ್ಕೊಂಡ್ರಿ?" ಎಂದಳು. "ಓಲೆ" ಅಂದೆ. ಪಾಪ, ಆಕೆಯೂ ಹುಡುಕತೊಡಗಿದಳು. ಇನ್ನಿಬ್ಬರು ಸೇರಿದರು. ಎರಡೂ ಓಲೆ ನನ್ನ ಕಿವಿಯಲ್ಲೇ ಇವೆ ಎಂದು ಯಾರಾದರೂ ನೋಡುವ ಮೊದಲು ಸೆರಗು ಎಳೆದುಕೊಂಡು ಅಲ್ಲಿಂದ ಜಾರಿದೆ.

ಇವರಿಗೆ ಫೋನ್ ಮಾಡಿದೆ. ಸೈಟು ನೋಡಿ, "ಅಯ್ಯೋ, ಆ ಡಬ್ಬಿ ಮೂರು ದಿನದ ಹಿಂದೇನೇ ತೆಗೆದುಬಿಟ್ಟಿದ್ದಾರೆ. ನಾನು ನಿನಗೆ ತುಂಬಿಕೊಟ್ಟಿದ್ದು ಹೋದ ವಾರದ್ದು" ಎಂದರು. ದಿನ ದಿನ ಹೊಸದಾಗಿ ತುಂಬಬೇಕಂತೆ. ನನಗೆ ಬಂದ ಸಿಟ್ಟಿಗೆ ಫೋನಿನ ಒಳಗಿಂದಲೇ ಕೈ ಹಾಕಿಬಿಡುತ್ತಿದ್ದೆ. ಕಾಲು ಮುರಿದವರು ಎಂದು ಸುಮ್ಮನಾದೆ.

ಮನೆಗೆ ತಿರುಗಿದ್ದೆ. ಹಾಗೇ ಪರದೆ ನೋಡಿದರೆ, "ಹತ್ತಿರದಲ್ಲಿ ಇನ್ನೊಂದು: ೨೪೦ ಮೀಟರ್" ಎಂದಿದೆ. ಕಾಗದದ ಕಾಲದಲ್ಲಿ ನನ್ನ ಕೈಯಲ್ಲಿ ಅದರ ಹಾಳೆಯೇ ಇರುತ್ತಿರಲಿಲ್ಲ. ಹೋದೆ. ಬೇಕರಿಯ ಪಕ್ಕದ ಗಲ್ಲಿ, ನೀರಿನ ಮೀಟರಿನ ಪೆಟ್ಟಿಗೆಯ ಹಿಂದೆ. ನಾಲ್ಕು ನಿಮಿಷ.

ಬೇಕರಿಯಲ್ಲಿ ನಿಂತು ಒಬ್ಬಳೇ ಒಂದು ಬನ್ನು ತಿಂದೆ. ಇವರ ಜೊತೆ ಹೋದಾಗ ಅರ್ಧ ಕೊಡಬೇಕಾಗುತ್ತಿತ್ತು. ಓಲೆಯ ಕತೆಯ ಜೊತೆ ಅದನ್ನೂ ಯಂತ್ರಕ್ಕೆ ಬರೆದೆ.

ಮೇ ೧೭, ೩೪೨ನೇ ದಿನ

ಬೆಳಿಗ್ಗೆ ಸ್ನಾನಕ್ಕೆ ಕೂರಿಸುವಾಗ ಇವರು, "ನನಗೂ ವಯಸ್ಸಾಯ್ತು ಕಣೇ. ಸಮ ನೆಲದಲ್ಲಿ ಬಿದ್ದೆನಲ್ಲ" ಅಂದರು. ನಗುತ್ತಲೇ ಅಂದದ್ದು. ಪ್ಲಾಸ್ಟರಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಕಟ್ಟುತ್ತಿದ್ದ ನನ್ನ ಕೈ ನಿಂತಿತು. ಆಗಲೇ ಹೇಳಬೇಕಿತ್ತು. ಹೊರಗಿನಿಂದ ನಾದಿನಿ "ಅತ್ತಿಗೆ, ಹಾಲು ಉಕ್ತು" ಎಂದು ಕೂಗಿದಳು. ಹಾಲಿನ ನೆಪ ಸಿಕ್ಕಿತು, ಓಡಿದೆ.

ಇವತ್ತಿನ ಡಬ್ಬಿ ಗ್ರಂಥಾಲಯದ ಹಿಂದಿನ ಬೆಂಚಿನ ಕೆಳಗೆ. ಸಹಿ ಹಾಕಿ ಬೆಂಚಿನಲ್ಲೇ ಕೂತೆ. ಎಲ್ಲಾದರೂ ಒಂದು ಕಡೆ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಎನ್ನಿಸಿತು. ಯಂತ್ರಕ್ಕೆ ಹೇಳಿದೆ: "ಸಿಕ್ಕಿತು. ಮೋರಿಯ ಹತ್ತಿರ ಇವರು ಜಾರಲಿಲ್ಲ. ಎರಡು ಹಾಳೆ ಅಂಟಿಕೊಂಡು ನಾನು ತಪ್ಪು ಸುಳಿವು ಓದಿದೆ. ಕಾಲು ಮುರಿದದ್ದು ನನ್ನಿಂದ."

ಅಷ್ಟು ಒತ್ತಲು ಇಪ್ಪತ್ತು ನಿಮಿಷ ಬೇಕಾಯಿತು. ಸ್ವಲ್ಪ ಹಗುರಾಯಿತು.

ಮೇ ೨೧, ೩೪೬ನೇ ದಿನ

ಸಿಕ್ಕಿತು. ವಿಪರೀತ ಸೆಕೆ. ಪೆನ್ ಸೆಲ್ ಮುಗಿದು ಯಂತ್ರ ಕೈಕೊಟ್ಟಿತು, ಔಷಧಿ ಅಂಗಡಿಯಲ್ಲಿ ಎರಡು ಕೊಂಡೆ. ಇನ್ನು ಬರೆಯಲಾರೆ.

ಮೇ ೨೪, ೩೪೯ನೇ ದಿನ

ಅಂಗಡಿಯ ಸುದ್ದಿ ಬರೆಯಲೇಬೇಕು. ಇವರು ಜೆರಾಕ್ಸ್ ಯಂತ್ರವನ್ನು ಲಿಫ್ಟಿನಂತೆ ನಡೆಸುತ್ತಿದ್ದಾರೆ. ಒಂದು ಪ್ರತಿ ತೆಗೆಯುವ ಮೊದಲು ಕಿವಿಗೊಟ್ಟು ಸದ್ದು ಕೇಳುತ್ತಾರೆ. ಹಾಳೆ ಸಿಕ್ಕಿಕೊಂಡರೆ "ಎಲ್ಲರೂ ಸಮಾಧಾನವಾಗಿರಿ, ಯಾರೂ ಬಾಗಿಲು ಬಡೀಬೇಡಿ" ಎಂದು ಗಿರಾಕಿಗಳಿಗೆ ಹೇಳುತ್ತಾರಂತೆ. ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೆ ಬರುವ ವಕೀಲರ ಗುಮಾಸ್ತರು ನನ್ನನ್ನು ದಾರಿಯಲ್ಲಿ ತಡೆದು, "ಮೇಡಂ, ನೀವಿದ್ದಾಗ ಐದು ನಿಮಿಷದ ಕೆಲಸ. ಈಗ ಮುಕ್ಕಾಲು ಗಂಟೆ. ಆದ್ರೆ ಬಿಡಿ, ಕತೆ ಚೆನ್ನಾಗಿ ಹೇಳ್ತಾರೆ" ಎಂದರು.

ಒಂದು ಮಾತ್ರ ಒಪ್ಪಬೇಕು. ಆರು ವರ್ಷದಿಂದ ಪ್ರತಿ ಹಾಳೆಯ ಮೂಲೆಯಲ್ಲಿ ಬರುತ್ತಿದ್ದ ಕಪ್ಪು ಗೆರೆ ಹೋಗಿದೆ. ಕಂಪನಿಯವರು ಮೂರು ಸಲ ಬಂದು ಕೈಚೆಲ್ಲಿ ಹೋಗಿದ್ದ ಗೆರೆ. ಹೇಗೆ ಮಾಡಿದಿರಿ ಎಂದರೆ, "ಸದ್ದು ಸರಿಯಿರಲಿಲ್ಲ" ಅನ್ನುತ್ತಾರೆ.

ಇನ್ನೊಂದು. ಗಿರಾಕಿಯೊಬ್ಬರು ಹಳೆಯ ಪತ್ರದಲ್ಲಿದ್ದ ಕಲೆಯನ್ನು ಅಳಿಸಿ ಪ್ರತಿ ಮಾಡಿಕೊಡಿ ಎಂದರೆ, ಇವರು "ನಮ್ಮನೆಯವಳು ಒಪ್ಪಲ್ಲ. ಮೂಲದಲ್ಲಿ ಇದ್ದದ್ದು ಪ್ರತೀಲೂ ಇರ್ಬೇಕು ಅಂತಾಳೆ" ಎಂದು ಕಲೆಯ ಸಮೇತ ಕೊಟ್ಟರಂತೆ. ಕೇಳಿ ನನಗೆ ಹೆಮ್ಮೆಯಾಯಿತು. ನಾನು ಹೇಳಿದ್ದನ್ನು ಇವರು ಕೇಳಿಸಿಕೊಳ್ಳುತ್ತಾರೆಂದೇ ನನಗೆ ಗೊತ್ತಿರಲಿಲ್ಲ.

ಮೇ ೨೯

ಇವತ್ತಿನದು ಕೆರೆಯ ಆಚೆ ದಂಡೆ. ಯಂತ್ರ ರಸ್ತೆಯನ್ನು ತೋರಿಸಿತು, ನಾನು ಕೇಳಲಿಲ್ಲ, ದಂಡೆಯ ಮೇಲಿನ ಕಾಲುದಾರಿಯಲ್ಲೇ ಹೋದೆ. ಬಾಣ ಮುನಿಸಿಕೊಂಡು ಎಲ್ಲಿಗೋ ತಿರುಗಿತ್ತು. ಎಲ್ಲಿ ಬಚ್ಚಿಟ್ಟಿರಬಹುದು ಎಂದು ದೂರದಿಂದಲೇ ಅಂದಾಜು ಸಿಗುತ್ತದೆ ಈಗ. ಬಚ್ಚಿಡುವವರಿಗೂ ಸೊಂಟ ನೋವಿರುತ್ತದೆ, ತೀರಾ ಬಗ್ಗುವ ಕಡೆ ಇಡುವುದಿಲ್ಲ. ಹೋದೆ, ಕೈ ಹಾಕಿದೆ, ಬಂತು.

ದಂಡೆಯ ಕಲ್ಲಿನ ಮೇಲೆ ಕೂತು ನೀರು ನೋಡುತ್ತಾ ಎಷ್ಟು ಹೊತ್ತು ಕಳೆಯಿತೋ. ಇವರಿಗೆ ಈ ಜಾಗ ತೋರಿಸಬೇಕು. ಟಿಪ್ಪಣಿಯಲ್ಲಿ ಬರೆದೆ: "ಒಬ್ಬಳೇ ಬರುವುದು ಹಾಯಾಗಿದೆ ಅಂದುಕೊಂಡಿದ್ದೆ. ಇಲ್ಲಿ ಮಾತ್ರ ಪಕ್ಕದಲ್ಲಿ ಜಾಗ ಜಾಸ್ತಿಯಾಯಿತು."

ಮನೆಗೆ ಬಂದಾಗ ನಾದಿನಿ, "ಅತ್ತಿಗೆ, ಚಾರ್ಟಿನಲ್ಲಿ ಎರಡು ದಿನದಿಂದ ಗೀಟು ಹಾಕಿಲ್ಲ ನೀವು" ಎಂದು ಆಕ್ಷೇಪಿಸಿದಳು. ಮರೆತಿದ್ದೆ. ಅವಳೇ ಹಾಕಿಬಿಟ್ಟಳು.

ಜೂನ್ ೩

ನೆಲ ಬಾಯಿ ಬಿಟ್ಟಿದ್ದರೆ ಇವತ್ತು ಒಳಗೆ ಹೋಗಿಬಿಡುತ್ತಿದ್ದೆ.

ಮಧ್ಯಾಹ್ನ ನಾದಿನಿ ಫೋನು ಹಿಡಿದು ಒಬ್ಬಳೇ ನಗುತ್ತಿದ್ದಳು. ಏನೆಂದೆ. "ನಿಮ್ಮದೇ ಅತ್ತಿಗೆ, ಓಲೆ ಕಳ್ಕೊಂಡಿದ್ದು. ಎಷ್ಟನೇ ಸಲ ಓದ್ತಿದೀನೋ." ನನಗೆ ಅರ್ಥವಾಗಲಿಲ್ಲ. ಫೋನು ಕೈಗೆ ಕೊಟ್ಟಳು. ಸೈಟಿನಲ್ಲಿ ಒಂದೊಂದು ಡಬ್ಬಿಯ ಪುಟದ ಕೆಳಗೂ ನನ್ನ ಟಿಪ್ಪಣಿ. ಗೋಡೆ, ಬನ್ನು, ಇವರು ಎಡಕ್ಕೆ ಹೋಗುವುದು, ಎಲ್ಲವೂ. ಕೆಳಗೆ ಯಾರ್ಯಾರೋ ಗುರುತಿಲ್ಲದವರು "ಯಜಮಾನರ ಕಾಲು ಹೇಗಿದೆ?" ಎಂದು ವಿಚಾರಿಸಿದ್ದಾರೆ.

"ಇದು ಹೇಗೆ ಬಂತು ಇಲ್ಲಿಗೆ?"

"ಅಣ್ಣ ದಿನಾ ಸಂಜೆ ಕಳಿಸ್ತಾನಲ್ಲ. ನೀವು ಬರೆದಿದ್ದೂ ಅದರ ಜೊತೇನೇ ಹೋಗುತ್ತೆ. ಗೊತ್ತಿರ್ಲಿಲ್ವಾ?"

ಗ್ರಂಥಾಲಯದ ಡಬ್ಬಿಯ ಪುಟ ತೆಗೆದೆ. ಅದೂ ಇದೆ. ಒಂದಕ್ಷರ ಬಿಡದೆ ಇದೆ. ಮೇ ಹದಿನೇಳರಿಂದ ಇದೆ.

ಅಂದರೆ ಇವರಿಗೆ ಹದಿನೇಳು ದಿನದಿಂದ ಗೊತ್ತು. ಹದಿನೇಳು ದಿನ ನನ್ನ ಕೈಯಲ್ಲಿ ಕಾಫಿ ತೆಗೆದುಕೊಂಡಿದ್ದಾರೆ, ಸ್ನಾನ ಮಾಡಿಸಿಕೊಂಡಿದ್ದಾರೆ, ತುಟಿ ಬಿಚ್ಚಿಲ್ಲ.

ಇವತ್ತಿನ ಡಬ್ಬಿಗೆ ಹೋದೆ. ಸಿಕ್ಕಿತು. ಟಿಪ್ಪಣಿ ಖಾಲಿ ಬಿಟ್ಟೆ.

ಜೂನ್ ೪

ಕೇಳಿಬಿಟ್ಟೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ನಿಂತೇ ಕೇಳಿದೆ.

"ಓದಿದ್ರಂತೆ."

"ಏನು?" ಅಂದರು. ಆಮೇಲೆ ನನ್ನ ಮುಖ ನೋಡಿ, "ಓ, ಅದಾ. ಓದಿದೆ."

"ಓದಿ, ಊರಿಗೆಲ್ಲ ಕಳಿಸಿದ್ರಾ?"

"ನೀನೇ ತಾನೇ ಬರೆದಿದ್ದು? ಮೂಲದಲ್ಲಿ ಇದ್ದದ್ದು ಪ್ರತೀಲೂ ಇರ್ಬೇಕು. ನಾನು ಅಳಿಸಿ ಕಳಿಸಿದ್ರೆ ನೀನು ಸುಮ್ನಿರ್ತಿದ್ಯಾ?"

"ನನಗೆ ಅದು ಹೊರಗೆ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ ರೀ."

ಇವರು ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟರು. ನಿಜವಾಗಿಯೂ ಹೊಳೆದಿರಲಿಲ್ಲವೆಂದು ಕಾಣುತ್ತದೆ. ನಾನು ಅಷ್ಟು ಜನರ ಮುಂದೆ ತಪ್ಪೊಪ್ಪಿಕೊಂಡೆ ಎಂದು ಒಳಗೊಳಗೇ ಬೀಗುತ್ತಿದ್ದರೋ ಏನೋ.

"ನನ್ನ ಮೇಲೆ ಸಿಟ್ಟು ಬರಲಿಲ್ವಾ?" ಎಂದೆ.

"ಮೂವತ್ತಾರು ವರ್ಷ ಲಿಫ್ಟಿನ ಗುಂಡಿ ಅಂಚಲ್ಲಿ ನಿಂತು ಕೆಲಸ ಮಾಡಿದೋನು ನಾನು. ಹಿಂದೆ ನೋಡ್ದೆ ಹೆಜ್ಜೆ ಇಡಬಾರದು ಅಂತ ಹೊಸಬರಿಗೆ ಮೊದಲ ದಿನ ಹೇಳಿಕೊಡ್ತಿದ್ದೆ. ನೀನು ತಪ್ಪು ಓದಿದೆ, ಸರಿ. ಹೆಜ್ಜೆ ಇಟ್ಟೋನು ಯಾರು?"

ಅಳು ಬಂತು. ಅಷ್ಟರಲ್ಲಿ ಗುಮಾಸ್ತರು ದೊಡ್ಡ ಕಟ್ಟು ಹಿಡಿದು ಬಂದರು. ಕಣ್ಣಿಗೆ ಟೋನರ್ ಪುಡಿ ಬಿತ್ತು ಎಂದು ಹೇಳಿ ಒಳಗೆ ಹೋದೆ.

ಜೂನ್ ೮

ನಾಳೆ ಕೊನೆಯದು. ಮುನ್ನೂರ ಅರವತ್ತೈದು. ಹತ್ತಿರದಲ್ಲಿ ನಾವು ಹುಡುಕದೆ ಉಳಿದಿರುವುದು ಸಾರ್ವಜನಿಕ ಉದ್ಯಾನದ ಡಬ್ಬಿ ಒಂದೇ. ಇದಕ್ಕೆಂದೇ ಉಳಿಸಿಕೊಂಡದ್ದು. ಅದು ಬಿಟ್ಟರೆ ಏಳು ಕಿಲೋಮೀಟರಿಗೆ ಹೋಗಬೇಕು.

ಬೆಳಿಗ್ಗೆಯೇ ಹೋಗಿ ಮುಗಿಸಿಬಿಡುತ್ತೇನೆಂದೆ. ಇವರು ಒಪ್ಪಲಿಲ್ಲ. "ನಾಳೆ ಪ್ಲಾಸ್ಟರ್ ಬಿಚ್ತಾರೆ. ಅಲ್ಲಿಂದ ನೇರ ಹೋಗೋಣ. ಕೊನೇದಕ್ಕೆ ನಾನೂ ಬರ್ಬೇಕು." ಗೇಟು ಆರೂವರೆಗೆ ಮುಚ್ಚುತ್ತದೆ, ಬೇಕಾದಷ್ಟು ಹೊತ್ತಿದೆ.

ನಾದಿನಿ ಚಾರ್ಟಿನಲ್ಲಿ ಕೊನೆಯ ಮನೆಗೆ ಕೆಂಪು ಪೆನ್ನಿನಿಂದ ಚೌಕ ಹಾಕಿದ್ದಾಳೆ. "ಅತ್ತಿಗೆ, ಇದನ್ನಾದ್ರೂ ಪೂರ್ತಿ ಮಾಡಿದ್ರಿ ಅಂತ ನಾನು ಎಲ್ಲರಿಗೂ ಹೇಳ್ಬೇಕು," ಎಂದಳು. ಕುಹಕವಲ್ಲ, ಅವಳಿಗೆ ನನಗಿಂತ ಹೆಚ್ಚು ಉತ್ಸಾಹ.

ಜೂನ್ ೯

ಆಸ್ಪತ್ರೆಯಲ್ಲಿ ಸಾಲು ಹನುಮಂತನ ಬಾಲದಂತಿತ್ತು. ನಮ್ಮ ಸರದಿ ಬಂದಾಗ ನಾಲ್ಕೂಮುಕ್ಕಾಲು. ಬಿಚ್ಚಿದ ಮೇಲೆ ಇವರ ಕಾಲು ನೋಡಿ ನನಗೆ ಅಯ್ಯೋ ಅನಿಸಿತು. ಬಿಳಚಿಕೊಂಡು, ಸಣ್ಣಗಾಗಿ, ಬೇರೆ ಯಾರದೋ ಕಾಲು ತಂದು ಜೋಡಿಸಿದಂತಿತ್ತು. ಡಾಕ್ಟರು ಒಂದು ಕೋಲು ಕೊಟ್ಟು, ಸ್ವಲ್ಪ ಸ್ವಲ್ಪ ನಡೆಸಿ, ಸಂಜೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಡಿ ಎಂದರು.

ಉದ್ಯಾನದ ಗೇಟಿಗೆ ಆಟೋ ಮುಟ್ಟಿದಾಗ ಐದೂಮುಕ್ಕಾಲು. ಯಂತ್ರ ೧೪೦ ಮೀಟರ್ ಎಂದಿತು. ನೇರ ದಾರಿ, ಸಮ ನೆಲ, ನಡುವೆ ಎರಡು ಬೆಂಚು.

ಮೊದಲ ಬೆಂಚಿನವರೆಗೆ ಬರುವಷ್ಟರಲ್ಲಿ ಇವರ ಹಣೆಯಲ್ಲಿ ಬೆವರು. ಕೂತರು. "ನೀನು ಹೋಗಿ ಸಹಿ ಹಾಕ್ಬಿಟ್ಟು ಬಾ" ಎಂದರು. "ಸ್ವಲ್ಪ ಸುಧಾರಿಸ್ಕೊಳ್ಳಿ, ಒಟ್ಟಿಗೇ ಹೋಗೋಣ" ಎಂದೆ. ಹತ್ತು ನಿಮಿಷ ಕೂತು ಎದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನನ್ನ ತೋಳು. ಎರಡನೇ ಬೆಂಚಿನ ಹತ್ತಿರ ಬಂದಾಗ ಕೂರುತ್ತಾರೇನೋ ಎಂದು ನಿಂತೆ. ಕೂರಲಿಲ್ಲ. ಕೋಲನ್ನು ಬೆಂಚಿಗೆ ಒರಗಿಸಿ, "ಇದು ಬೇಡ, ನೀನಿದೀಯಲ್ಲ" ಎಂದರು.

ಆಮೇಲೆ ನಡೆದರು. ಐದು ವಾರದ ಮೇಲೆ ಮುರಿದ ಕಾಲನ್ನು ನೆಲಕ್ಕೆ ಊರಿ, ಭಾರ ಬಿಟ್ಟು, ಎತ್ತಿ, ಮತ್ತೆ ಊರಿ. ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಎಣಿಸುತ್ತಿದ್ದರು. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತೊಂದಕ್ಕೆ ನನ್ನ ಕಡೆ ತಿರುಗಿ ನಕ್ಕರು. ಆ ನಗು ನಾನು ಬಹಳ ವರ್ಷದಿಂದ ನೋಡಿರಲಿಲ್ಲ.

ಯಂತ್ರ ನನ್ನ ಕೈಯಲ್ಲಿತ್ತು. ೪೦ ಮೀಟರ್, ಆರು ಇಪ್ಪತ್ತೆರಡು. ತೋಳು ಬಿಡಿಸಿಕೊಂಡು ಓಡಿದ್ದರೆ ಒಂದು ನಿಮಿಷದಲ್ಲಿ ಡಬ್ಬಿ ನನ್ನ ಕೈಯಲ್ಲಿರುತ್ತಿತ್ತು. ಬಿಡಿಸಿಕೊಂಡರೆ ಇವರು ನಿಲ್ಲಬೇಕು. ಮೂವತ್ತು, ಮೂವತ್ತೊಂದು ಎನ್ನುತ್ತಿದ್ದರು. ೨೫ ಮೀಟರ್, ಆರು ಇಪ್ಪತ್ತಾರು. ನಾನು ಯಂತ್ರವನ್ನು ಚೀಲದೊಳಗೆ ಹಾಕಿದೆ.

ಕಾವಲುಗಾರ ಸೀಟಿ ಊದಿದಾಗ ಇವರು ಐವತ್ತಮೂರರಲ್ಲಿದ್ದರು. ತೆಗೆದು ನೋಡಿದರೆ ಹನ್ನೊಂದು ಮೀಟರ್ ಉಳಿದಿತ್ತು. ಎದುರಿಗೇ ಕಾಣುವ ಕಲ್ಲಿನ ತೊಟ್ಟಿಯ ಹಿಂದೆ.

"ಎರಡೇ ನಿಮಿಷ ಸ್ವಾಮೀ" ಎಂದು ಇವರು ಕೈ ಮುಗಿದರು. ಹೋದ ತಿಂಗಳು ಯಾರೋ ಒಳಗೇ ಉಳಿದು ಅವನ ಕೆಲಸಕ್ಕೆ ಸಂಚಕಾರ ಬಂದಿತ್ತಂತೆ. ಹೊರಡಿ ಹೊರಡಿ ಎಂದು ನಮ್ಮ ಬೆನ್ನ ಹಿಂದೆಯೇ ಬಂದ. ಪುಣ್ಯಾತ್ಮ, ಬೆಂಚಿನ ಹತ್ತಿರ ಬಿಟ್ಟಿದ್ದ ಕೋಲನ್ನು ತಂದುಕೊಟ್ಟ.

ಆಟೋದಲ್ಲಿ ಇವರು ಕೇಳಿದರು. "ಟೈಮು ನಿನ್ನ ಕೈಯಲ್ಲೇ ಇತ್ತಲ್ಲ. ಯಾಕೆ ಹೇಳ್ಲಿಲ್ಲ?"

"ನೋಡ್ಲಿಲ್ಲ."

"ನೀನು ನೋಡಿದ್ದೆ. ಚೀಲಕ್ಕೆ ಹಾಕಿದ್ದು ನಾನು ಕಂಡೆ." ಮುಖ ಕೆಂಪಗಾಗಿತ್ತು. "ಈಗ್ಲೂ ಹೊತ್ತಿದೆ. ನನ್ನ ಮನೆಗೆ ಬಿಟ್ಟು ನೀನು ಏಳು ಕಿಲೋಮೀಟರಿನ ಇನ್ನೊಂದಕ್ಕೆ ಹೋಗು. ಇದೇ ಆಟೋದಲ್ಲಿ ಹೋಗು."

"ನಿಮ್ಮ ಕಾಲು ಊದಿದೆ. ಬಿಸಿನೀರು ಕಾಯಿಸ್ಬೇಕು. ಸಾಕು ಇವತ್ತಿಗೆ."

"ಮುನ್ನೂರ ಅರವತ್ನಾಲ್ಕು ದಿನ ಮಾಡಿ, ಕೊನೇ ದಿನ ಹನ್ನೊಂದು ಮೀಟರಿಗೆ ಬಿಡ್ತೀಯಾ? ನಿನ್ನ ತಲೆ ನೆಟ್ಟಗಿದೆಯಾ?" ಎಂದು ಗದರಿದರು. ಮನೆ ಬರುವವರೆಗೂ ಮುಖ ಊದಿಸಿಕೊಂಡು ರಸ್ತೆ ನೋಡುತ್ತಿದ್ದರು. ನಾನು ಅಷ್ಟರಲ್ಲಿ ಯಂತ್ರ ತೆಗೆದು "ಸಿಗಲಿಲ್ಲ" ಎಂಬುದನ್ನು ಒತ್ತಿದೆ. ಯಂತ್ರ ಕೈಗೆ ಬಂದ ಮೇಲೆ ಮೊದಲ ಸಲ ಆ ಗುಂಡಿಗೆ ಕೈ ಹಾಕಿದ್ದು. ಟಿಪ್ಪಣಿ ಕೇಳಿತು. ಇವರೇ ಓದುತ್ತಾರೆ, ಇವರೇ ಕಳಿಸುತ್ತಾರೆ ಎಂದು ಗೊತ್ತಿದ್ದೂ ಬರೆದೆ.

ಬಾಗಿಲಲ್ಲಿ ಕೆಂಪು ಪೆನ್ನು ಹಿಡಿದು ನಿಂತಿದ್ದ ನಾದಿನಿ ನಮ್ಮಿಬ್ಬರ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿದಳು. ಆ ಮುಚ್ಚಳದ ಸದ್ದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಇನ್ನು ಆಯುಷ್ಯಪೂರ್ತಿ ಆ ಚಾರ್ಟಿನ ಮಾತು ಕೇಳಬೇಕು.

ಅಡುಗೆಮನೆಯಲ್ಲಿ ನೀರಿಗಿಟ್ಟೆ. ಇವರು ಪಡಸಾಲೆಯಲ್ಲಿ ಮನೆಯ ಕಂಪ್ಯೂಟರಿಗೆ ಯಂತ್ರ ಚುಚ್ಚುವ ಸದ್ದು ಕೇಳಿಸಿತು. ನಾನು ಬರೆದದ್ದು ಇಷ್ಟೇ: "ಸಿಗಲಿಲ್ಲ. ಹನ್ನೊಂದು ಮೀಟರ್ ಇತ್ತು. ಗಂಟೆ ನೋಡಿದ್ದೆ. ಇವರು ನಡೆಯುತ್ತಿದ್ದರು, ನನ್ನ ತೋಳು ಹಿಡಿದುಕೊಂಡು ನಗುತ್ತಿದ್ದರು. ಇದಕ್ಕಿಂತ ಒಳ್ಳೆಯದು ಆ ಡಬ್ಬಿಯಲ್ಲಿ ಇರಲಿಲ್ಲ."

ಕೋಲಿನ ಸದ್ದು ಬಂತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಕಳಿಸಿದ್ರಾ?" ಎಂದೆ, ಒಲೆಯ ಕಡೆಯೇ ತಿರುಗಿಕೊಂಡು.

"ಇಲ್ಲ."

"ಯಾಕೆ? ಮೂಲದಲ್ಲಿ ಇದ್ದದ್ದು..."

"ಇದು ಅವರಿಗಲ್ಲ," ಎಂದರು. "ಇದು ನನಗೆ ಬರೆದಿದ್ದು."

ನೀರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಾಗದೆ ಇನ್ನೊಂದು ಸಲ ಹಾಕಿದೆ.